ಇಂಗ್ಲಿಷ್ ಕಾದಂಬರಿಗೆ ಹೂಂಗುಟ್ಟಿದ ದಿನಗಳು

ಗಿರಿಜಾ, ಮಹೇಶ, ಇದನ್ನು ನೀವಿಬ್ಬರೂ ಒಟ್ಟಿಗೆ ಕೂತು ಓದಿ. ಎದುರಿಗೆ ಕೂತು ಹೇಳಲು ನನಗೆ ಈ ವಯಸ್ಸಿನಲ್ಲೂ ನಾಚಿಕೆ. ಅದಕ್ಕೇ ಬರೆಯುತ್ತಿದ್ದೇನೆ.

ಗಿರಿಜಾ ಶಿವಮೊಗ್ಗದ ಪ್ರೆಸ್ಸಿನಲ್ಲಿ ಕರಡು ತಿದ್ದುವ ಕೆಲಸಕ್ಕೆ ಸೇರುತ್ತಾಳೆಂದು ತಿಳಿದಾಗಿನಿಂದ ನನಗೆ ಹಳೆಯದೆಲ್ಲ ಕಣ್ಣ ಮುಂದೆ ಬರುತ್ತಿದೆ. ನಾನೂ ಆ ಊರಿನ ಒಂದು ಪ್ರೆಸ್ಸಿನಲ್ಲಿ ಕಣ್ಣು ಮಂಜಾಗುವ ತನಕ ದುಡಿದವಳು. ಒಬ್ಬರು ಮೂಲಪ್ರತಿಯನ್ನು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಅಚ್ಚಾದ ಹಾಳೆಯ ಮೇಲೆ ಕಣ್ಣಿಟ್ಟು ಕೇಳುವುದು, ಇದೇ ಆಗ ನಮ್ಮ ಪದ್ಧತಿ. ಅಲ್ಲಿ ಯಾರು ಮೇಲಕ್ಕೆ ಹೋದರು, ಯಾರಿಗೆ ಎಷ್ಟು ಬಡ್ತಿ ಸಿಕ್ಕಿತು ಎಂಬುದನ್ನು ಬರೆಯುವುದಿಲ್ಲ. ಅದು ನನಗೂ ನೆನಪಿಲ್ಲ. ನಾನು ಕೆಲಸ ಕಲಿತದ್ದು ಆ ಪ್ರೆಸ್ಸಿನಲ್ಲಿ ಅಲ್ಲ. ಅದಕ್ಕೂ ಮೊದಲು, ಭದ್ರಾವತಿಯ ಒಂದು ಬಂಗಲೆಯಲ್ಲಿ, ಅಮೆರಿಕದ ಒಬ್ಬ ಲೇಖಕಿಯ ಕಾಲ ಬಳಿ ಕೂತು ಕಲಿತದ್ದು. ‘ಅಲ್ಲಿ ಏನು ಮಾಡ್ತಿದ್ದೆ ಅಜ್ಜಿ?’ ಎಂದು ಮಹೇಶ ಕೇಳಿದಾಗಲೆಲ್ಲ ‘ಕಸ ಗುಡಿಸ್ತಿದ್ದೆ’ ಎಂದು ಜಾರಿಕೊಂಡಿದ್ದೇನೆ. ಕಸ ಗುಡಿಸಿದ್ದೂ ನಿಜ.

ನಿಮ್ಮ ತಾತ ತೀರಿಕೊಂಡಾಗ ನಿಮ್ಮವ್ವ ಇನ್ನೂ ಸೆರಗು ಹಿಡಿದು ಓಡಾಡುವ ಮಗು. ನಾವು ಹಳೇಪೇಟೆಯಲ್ಲಿ ನನ್ನ ಭಾವನವರ ಮನೆಯಲ್ಲಿದ್ದೆವು. ಭಾವ ಕೆಟ್ಟವರಲ್ಲ. ಆದರೆ ಅವರ ಮಾತು ಖಡಾಖಂಡಿತ. ‘ನೋಡಮ್ಮ ಹಾಲಮ್ಮ, ನಿಂಗೆ ಕೆಲಸ ಅಂತ ಒಂದು ಇರೋ ತನಕ ಇಲ್ಲಿರು, ಮಗು ಇಸ್ಕೂಲಿಗೆ ಹೋಗ್ಲಿ. ಕೆಲಸ ತಪ್ಪಿದ ದಿನ ನಿಮ್ಮಪ್ಪನ ಮನೆ ದಾರಿ ಹಿಡಿ,’ ಎಂದಿದ್ದರು. ನನ್ನ ತವರು ಕುಂಸಿಯ ಆಚೆಗಿನ ಹಳ್ಳಿ. ಅಲ್ಲಿನ ಕೂಲಿಮಠದಲ್ಲಿ ಐಗಳ ಮುಂದೆ ಕೂತು ಓದು ಬರಹ ಕಲಿತ ಹುಡುಗಿ ನಾನೊಬ್ಬಳೇ. ನಾನು ಮದುವೆಯಾಗಿ ಬಂದ ಮೇಲೆ ಐಗಳೂ ತೀರಿಕೊಂಡು ಮಠವೂ ಮುಚ್ಚಿತ್ತು. ಅಲ್ಲಿಗೆ ಹೋದರೆ ನಿಮ್ಮವ್ವನಿಗೆ ಅಕ್ಷರ ಇಲ್ಲ ಎಂಬುದು ನನಗೆ ಹಗಲೂ ಇರುಳೂ ಎದೆಯಲ್ಲಿ ಕುಟ್ಟುತ್ತಿದ್ದ ಭಯ.

ಕಬ್ಬಿಣದ ಕಾರ್ಖಾನೆಯ ಕಡೆ ಸಾಲಾಗಿ ದೊಡ್ಡ ದೊಡ್ಡ ಬಂಗಲೆಗಳಿದ್ದವು. ಒಂದರಲ್ಲಿ ಅಮೆರಿಕದ ಒಬ್ಬ ಎಂಜಿನಿಯರ್ ದೊರೆ ಇದ್ದರು. ಅವರ ಅಕ್ಕ ಕೋರಾ ಹ್ಯಾಡ್ಲಿ, ಮದುವೆಯಾಗದ ಹೆಂಗಸು, ತಮ್ಮನ ಜೊತೆ ಇರಲು ಬಂದಿದ್ದರು. ಊರಿನವರ ಬಾಯಲ್ಲಿ ಅವರು ಕೋರಮ್ಮ. ‘ಅಕ್ಷರ ಬಲ್ಲ ಹೆಣ್ಣಾಳು ಬೇಕು, ಇಂಗ್ಲಿಷ್ ಬರಬಾರದು’ ಎಂದು ಅವರು ಹೇಳಿಕಳಿಸಿದ್ದರಂತೆ. ತಾವು ಬರೆಯುವುದನ್ನು ಆಳು ಕದ್ದು ಓದಬಾರದಲ್ಲ. ಇಂಗ್ಲಿಷ್ ಬಾರದಿದ್ದುದೇ ಗುಣವಾಗಿ ಕೆಲಸ ಸಿಕ್ಕಿದವಳು ಬಹುಶಃ ನಾನೊಬ್ಬಳೇ.

ಬೆಳಗ್ಗೆ ಸೇತುವೆ ದಾಟುವಾಗ ಭದ್ರೆಯ ಮೇಲೆ ಮಂಜು ಕೂತಿರುತ್ತಿತ್ತು. ಕೆಳಗೆ ನೀರಿದೆಯೆಂದು ಸದ್ದಿನಿಂದಷ್ಟೇ ಗೊತ್ತಾಗುತ್ತಿತ್ತು. ಆಚೆ ದಡದಲ್ಲಿ ಇದ್ದಿಲಿನ ವಾಸನೆ. ಬಂಗಲೆಯ ಬಾಗಿಲು ತೆರೆದರೆ ಇದ್ದಿಲಿನ ವಾಸನೆಯ ಮೇಲೆ ಹೊಸ ಕಾಗದದ ವಾಸನೆ. ಎರಡೂ ಸೇರಿದ ಆ ವಾಸನೆ ಈಗಲೂ ಒಮ್ಮೊಮ್ಮೆ ಮಧ್ಯಾಹ್ನದ ಜೊಂಪಿನಲ್ಲಿ ಬರುತ್ತದೆ. ಎಚ್ಚರಾದರೆ ಇರುವುದಿಲ್ಲ.

ಅಲ್ಲಿ ನನಗೆ ಮೇಲಿನವನು ಬಟ್ಲರ್ ಅಂತೋಣಿ. ಬೆಂಗಳೂರು ದಂಡಿನ ಕಡೆಯವನು, ಮನೆಮಾತು ತಮಿಳು. ಕೋರಮ್ಮನವರು ಪಾದ್ರಿಗಳ ಹಳೆಯ ಪುಸ್ತಕದಿಂದ ಕನ್ನಡ ಕಲಿತಿದ್ದರು. ‘ನೀವು ಸುಖವಾಗಿರುವಿರೋ?’ ಎಂದು ಕೇಳುತ್ತಿದ್ದರು. ‘ನಮ್ ಮೇಡಮ್ಮು ಕನ್ನಡ ಮಾತಾಡಿದ್ರೆ ಕಲ್ಲಿನ ಮೇಲೆ ಕೆತ್ತಿದ್ ಓದ್ದಂಗಿರುತ್ತೆ,’ ಎಂದು ಅಂತೋಣಿ ನಗುತ್ತಿದ್ದ. ಅವರಿಗೆ ಮಾತು ಸಾಲದಾದಾಗ ಅವನೇ ನಡುವೆ ನಿಂತು ಅರ್ಥ ಹೇಳುತ್ತಿದ್ದ.

ಅವರ ಜೀವನ ನನಗೆ ತಿಳಿದದ್ದೂ ಅವನಿಂದಲೇ, ತುಣುಕು ತುಣುಕಾಗಿ. ಅವರ ಊರಲ್ಲೂ ನದಿ ಇತ್ತಂತೆ, ನದಿಯ ಪಕ್ಕ ಕಬ್ಬಿಣ ಕರಗಿಸುವ ಕುಲುಮೆ ಇತ್ತಂತೆ. ತಂದೆ ಕುಲುಮೆಯ ಕೆಲಸಗಾರ. ತಾಯಿ ಎದೆರೋಗದಿಂದ ಬಹುಕಾಲ ಮಲಗಿದ್ದರು. ಹುಡುಗಿ ಹಾಸಿಗೆಯ ಪಕ್ಕ ಕೂತು ತಾಯಿಗೆ ಪುಸ್ತಕ ಓದುತ್ತಿದ್ದಳು. ತಾಯಿ ಹೋದ ಮೇಲೆ ದೊಡ್ಡ ಪಟ್ಟಣಕ್ಕೆ ಹೋಗಿ ಪತ್ರಿಕೆಗಳಿಗೆ ಪುಸ್ತಕ ವಿಮರ್ಶೆ ಬರೆಯತೊಡಗಿದಳು. ಹೆಸರಾಯಿತು. ‘ಆ ಊರ್ ಬರಹಗಾರ್ರು ಇವ್ರು ಎದುರಿಗ್ ಬಂದ್ರೆ ಬೇರೆ ರಸ್ತೆ ಹಿಡಿತಿದ್ರಂತೆ,’ ಎಂದ ಅಂತೋಣಿ. ತಾವೂ ಎರಡು ಕಾದಂಬರಿ ಬರೆದರು. ಉಳಿದ ವಿಮರ್ಶಕರು ಸೇರಿ ಅವನ್ನು ಹರಿದು ಹಾಕಿದರಂತೆ. ಆಮೇಲೆ ಬಹಳ ವರ್ಷ ಸ್ವಂತದ್ದು ಒಂದು ಸಾಲೂ ಬರೆಯಲಿಲ್ಲ. ತಾಯಿಯನ್ನು ಕುರಿತ ಮೂರನೆಯ ಕಾದಂಬರಿ ಬರೆಯಲೆಂದೇ, ಯಾರೂ ಗುರುತು ಹಿಡಿಯದ ಊರೆಂದು ಭದ್ರಾವತಿಗೆ ಬಂದರು. ‘ಇದೂ ಕೈಕೊಟ್ರೆ ಇನ್ ಪೆನ್ನು ಮುಟ್ಟಲ್ಲ’ ಎಂದು ತಮ್ಮನ ಮುಂದೆ ಹೇಳಿದ್ದನ್ನು ಅಂತೋಣಿ ಊಟ ಬಡಿಸುವಾಗ ಕೇಳಿಸಿಕೊಂಡಿದ್ದ. ಬರೆದು ಮುಗಿಸಿದ ಕೂಡಲೇ ಹಡಗು ಹತ್ತುವುದೆಂದೂ ಹೇಳಿದ್ದರು.

ಈಗ ಕೆಲಸದ ವಿಷಯ. ವಿಮರ್ಶೆಗೆಂದು ಅಮೆರಿಕದಿಂದ ಪುಸ್ತಕದ ಕಟ್ಟುಗಳು ರೈಲಿನಲ್ಲಿ ಬರುತ್ತಿದ್ದವು. ಆ ಕಾಲದಲ್ಲಿ ಹೊಸ ಪುಸ್ತಕದ ಹಾಳೆಗಳು ಅಂಚಿನಲ್ಲಿ ಒಂದಕ್ಕೊಂದು ಅಂಟಿಕೊಂಡೇ ಬರುತ್ತಿದ್ದವು, ಬಿಡಿಸಿ ಕೊಯ್ಯಬೇಕಿತ್ತು. ಜಗಲಿಯಲ್ಲಿ ಚಾಪೆ ಹಾಸಿಕೊಂಡು ದಂತದ ಚಪ್ಪಟೆ ಕತ್ತಿಯಿಂದ ಕೊಯ್ಯುವುದು ನನ್ನ ಕೆಲಸ. ಕತ್ತಿ ಒಳಗೆ ಹೋಗುವಾಗ ‘ಸರ್’ ಎಂದು ಸದ್ದು. ಒಂದು ಪುಸ್ತಕದ ಕಾಗದ ಬಾಳೆಲೆಯ ಹಾಗೆ ಬಿಡಿಸಿಕೊಳ್ಳುತ್ತಿತ್ತು, ಇನ್ನೊಂದರದು ಹಳೇ ಸೀರೆಯ ಹಾಗೆ ನೂಲೆಳೆಯುತ್ತಿತ್ತು. ಒಳಗೆ ಏನಿದೆಯೋ ನನಗೇನು ಗೊತ್ತು! ಹಿಡಿಸಿದ ಪುಸ್ತಕವನ್ನು ಕೋರಮ್ಮನವರು ಬಲಗಡೆಯ ಬೆಂಚಿನ ಮೇಲೆ ಮೆಲ್ಲಗೆ ಇಡುತ್ತಿದ್ದರು, ಹಿಡಿಸದ್ದನ್ನು ಎಡಗಡೆಗೆ ಎಸೆಯುತ್ತಿದ್ದರು. ಎಡಗಡೆ ಬಿದ್ದವನ್ನು ಎತ್ತಿ ಧೂಳು ಒರೆಸುವಾಗ ಪಾಪ ಅನ್ನಿಸುತ್ತಿತ್ತು. ಯಾರೋ ಎಷ್ಟು ದಿನ ಕೂತು ಬರೆದದ್ದೋ.

ಆಯುಧಪೂಜೆಯ ದಿನ ಭಾವನವರ ಮನೆಯಲ್ಲಿ ಮಚ್ಚು ಗುದ್ದಲಿಗಳಿಗೆ ವಿಭೂತಿ ಹಚ್ಚಿ ಬಂದಿದ್ದೆ. ಬಂಗಲೆಗೆ ಬಂದರೆ ಟೈಪ್‌ರೈಟರ್ ಬರಿಮೈಯಲ್ಲಿ ಕೂತಿತ್ತು. ಅದಕ್ಕೂ ಮೂರು ಬೆರಳಿನ ವಿಭೂತಿ ಎಳೆದು ಒಂದು ಕಣಗಿಲೆ ಹೂವು ಇಟ್ಟೆ. ಹಸಿ ವಿಭೂತಿ ಒಳಗೆ ಇಳಿದು ಒಣಗಿ ಒಂದು ಅಕ್ಷರದ ಕಡ್ಡಿ ಮೇಲೇಳದೆ ಹೋಯಿತು. ಆ ಅಕ್ಷರ ಇಂಗ್ಲಿಷಿನಲ್ಲಿ ಎಲ್ಲ ಪದಕ್ಕೂ ಬೇಕಂತೆ.

‘ಎನ್ನಮ್ಮಾ ಇದು? ಮಿಷನ್ನಿಗೆ ನಾಮ ಹಾಕ್ಬಿಟ್ಯಲ್ಲ!’ ಎಂದು ಅಂತೋಣಿ ತಲೆ ಚಚ್ಚಿಕೊಂಡ.

‘ನಾಮ ಅಲ್ಲ ಅಂತೋಣಿಯಣ್ಣ, ವಿಭೂತಿ,’ ಎಂದೆ.

‘ಯಾವ್ದೋ ಒಂದು. ಈಗ ಮೇಡಮ್ಮು ನಿಂಗೆ ಮಂಗಳಾರತಿ ಎತ್ತುತಾರೆ ನೋಡು.’

ಅವರು ಬಂದು ನೋಡಿದರು. ‘ಇದು ಏತಕ್ಕಾಗಿ?’ ಎಂದರು. ‘ಅನ್ನ ಹಾಕೋ ಸಾಮಾನಿಗೆ ಪೂಜೆ ಮಾಡ್ತೀವಿ ಅಮ್ಮಾ,’ ಎಂದು ನೆಲ ನೋಡುತ್ತಾ ಹೇಳಿದೆ. ಅಂತೋಣಿ ಒರೆಸಲು ಬಟ್ಟೆ ತಂದರೆ ಬೇಡವೆಂದರು. ಆ ಸಲದ ವಿಮರ್ಶೆಗಳಲ್ಲಿ ಬಿಟ್ಟುಹೋದ ಅಕ್ಷರವನ್ನೆಲ್ಲ ಮಸಿಯ ಪೆನ್ನಿನಿಂದ ತುಂಬಿ ಕಳಿಸಿದರು.

ಹೂಂಗುಟ್ಟುವುದು ಶುರುವಾದದ್ದು ಅದಾದ ಮೇಲಿನ ಚಳಿಗಾಲದಲ್ಲಿ. ಕೋರಮ್ಮನವರು ಸಂಜೆ ಹೊತ್ತು ಜಗಲಿಯಲ್ಲಿ ಓಡಾಡುತ್ತಾ ತಾವು ಬರೆದದ್ದನ್ನು ತಮಗೇ ಗಟ್ಟಿಯಾಗಿ ಓದಿಕೊಳ್ಳುತ್ತಿದ್ದರು. ಓದುತ್ತಾ ಓದುತ್ತಾ ನಿಲ್ಲಿಸಿಬಿಡುತ್ತಿದ್ದರು. ಗೋಡೆಗೆ ಓದಿದರೆ ಯಾರಿಗೆ ತಾನೇ ಮುಂದಕ್ಕೆ ಹೋಗುತ್ತದೆ? ಕಾರ್ಖಾನೆಯಲ್ಲಿ ಕಬ್ಬಿಣದ ಕಿಟ್ಟವನ್ನು ಕುದಿಕುದಿಯಾಗಿ ಹೊರಗೆ ಸುರಿಯುವ ಹೊತ್ತು ಅದು. ಆಕಾಶ ಕೆಂಪಾಗಿ, ಅವರ ಕೈಯ ಬಿಳಿ ಹಾಳೆಯೂ ಕೆಂಪಾಗಿ, ಇಂಗ್ಲಿಷ್ ಮಾತು ಏರಿ ಇಳಿದು ಹೋಗುತ್ತಿತ್ತು. ಕತ್ತಿ ಹಿಡಿದು ಕೂತ ನನಗೆ ನಮ್ಮಜ್ಜಿ ಕಥೆ ಹೇಳುತ್ತಿದ್ದ ಮುಸ್ಸಂಜೆಯೊಳಗೆ ಎಲ್ಲೋ ಜಾರಿದಂತಾಯಿತು. ಅವರು ಒಂದು ವಾಕ್ಯ ಮುಗಿಸಿ ಉಸಿರು ತೆಗೆದುಕೊಂಡಾಗ ನನಗೇ ಗೊತ್ತಿಲ್ಲದೆ ‘ಹ್ಞೂಂ’ ಎಂದುಬಿಟ್ಟೆ.

ಓದು ನಿಂತಿತು.

‘ನೀವು ಏನೆಂದಿರಿ?’

‘ಏನಿಲ್ಲ ಅಮ್ಮಾ.’

‘ಇನ್ನೊಮ್ಮೆ ಅನ್ನಿರಿ.’

‘ಹ್ಞೂಂ,’ ಎಂದೆ, ಇರುವೆಗೆ ಕೇಳಿಸುವಷ್ಟು ಮೆಲ್ಲಗೆ.

ನಮ್ಮಲ್ಲಿ ಕಥೆಗೆ ಹೂಂಗುಟ್ಟುವವರಿಲ್ಲದಿದ್ದರೆ ಕಥೆ ಹೇಳುವುದೇ ಇಲ್ಲವಷ್ಟೆ. ಅದನ್ನು ಅವರಿಗೆ ವಿವರಿಸುವ ಧೈರ್ಯ ಆಗ ಬರಲಿಲ್ಲ. ಅವರೂ ಕೇಳಲಿಲ್ಲ. ಮುಂದಿನ ವಾಕ್ಯ ಓದಿ ನನ್ನ ಮುಖ ನೋಡಿದರು, ನಾನು ಹ್ಞೂಂ ಎಂದೆ. ಆವತ್ತು ನಿಲ್ಲದೆ ಬಹಳ ಹೊತ್ತು ಓದಿದರು. ಮರುದಿನದಿಂದ ಅದೇ ನನ್ನ ಮುಖ್ಯ ಕೆಲಸವಾಯಿತು. ಕಸ ಗುಡಿಸಲು ಬೇರೆಯವಳು ಬಂದಳು.

ಅಂತೋಣಿಗೆ ತಡೆಯಲಾಗಲಿಲ್ಲ. ‘ಹ್ಞೂಂ ಅನ್ನೋಕೆ ಒಂದ್ ನೌಕರಿ! ಹುಟ್ಟಿದಾಗಿಂದ ದೊರೆಗಳ ಮನೇಲಿ “ಯೆಸ್ ಸರ್, ಯೆಸ್ ಮೇಡಂ” ಅಂತ ಗಂಟಲು ಹರ್ಕೊಂಡಿದೀನಿ, ನನ್ನ ಯಾರಾದ್ರೂ ಚಾಪೆ ಮೇಲೆ ಕೂರ್ಸಿದಾರಾ ಮಾರಾಯ್ತಿ?’

‘ನೀನು ಕೇಳದೆ ಯೆಸ್ ಅಂತೀಯ, ಅದಕ್ಕೆ,’ ಎಂದೆ. ಅವನ ಎದುರಿಗೆ ಮಾತ್ರ ನನ್ನ ನಾಲಿಗೆ ಹಾಗೆ ಹೊರಳುತ್ತಿತ್ತು.

ಗಿರಿಜಾ, ಇದು ಸುಲಭದ ಕೆಲಸ ಎಂದುಕೊಳ್ಳಬೇಡ. ಅರ್ಥವಾಗದ ಮಾತಿಗೆ ಹೂಂಗುಟ್ಟಬೇಕಾದರೆ ಅರ್ಥವಾಗುವ ಮಾತಿಗಿಂತ ಹೆಚ್ಚು ಕಿವಿ ಕೊಡಬೇಕು. ಅವರ ಉಸಿರು ಎಲ್ಲಿ ತುಂಬುತ್ತದೆ, ಎಲ್ಲಿ ಖಾಲಿಯಾಗುತ್ತದೆ ಎಂದು ಕಾಯುತ್ತಿದ್ದೆ. ಕೆಲವು ಸಂಜೆ ಆ ಭಾಷೆ ಸೇತುವೆಯ ಕೆಳಗಿನ ನೀರಿನ ಹಾಗೆ ಕೇಳಿಸುತ್ತಿತ್ತು. ಕಾಣುವುದಿಲ್ಲ, ಆದರೆ ಎತ್ತ ಹೋಗುತ್ತಿದೆ ಎಂದು ತಿಳಿಯುತ್ತದೆ. ಆ ಕಥೆಯಲ್ಲಿ ಒಬ್ಬ ಹುಡುಗಿ ಇದ್ದಾಳೆ, ಒಂದು ಹಾಸಿಗೆ ಇದೆ, ಕಿಟಕಿಯಾಚೆ ಬೆಂಕಿಯ ಬೆಳಕಿದೆ ಎಂದು ನನಗೆ ಕಾಣುತ್ತಿತ್ತು. ನಿಜವಾಗಿ ಇತ್ತೋ, ನಾನೇ ಕಟ್ಟಿಕೊಂಡೆನೋ, ಹೇಳಲಾರೆ. ವಿಮರ್ಶೆಯ ಪುಸ್ತಕಗಳನ್ನೂ ಅವರು ಈಗ ನನಗೆ ಗಟ್ಟಿಯಾಗಿ ಓದಿ ನೋಡುತ್ತಿದ್ದರು. ಎಡಗಡೆಗೆ ಎಸೆಯುವುದು ಕಡಿಮೆಯಾಯಿತು.

ಹೀಗೆ ಹೋಗುತ್ತಾ ಹೋಗುತ್ತಾ ಕಾದಂಬರಿ ಕೊನೆಗೆ ಬಂತು. ಅದು ಅವರ ಕೈಯ ಕಟ್ಟು ದಪ್ಪವಾದದ್ದರಿಂದಲೇ ಗೊತ್ತಾಗುತ್ತಿತ್ತು. ಹಾಳೆ ಹೆಚ್ಚಿದಂತೆಲ್ಲ ನನಗೆ ನಿಮ್ಮವ್ವನ ಸ್ಲೇಟು ಕಣ್ಣಿಗೆ ಬರುತ್ತಿತ್ತು. ಪುಸ್ತಕ ಮುಗಿದರೆ ಅವರು ಹಡಗಿಗೆ, ನಾವು ಕುಂಸಿಯ ಗಾಡಿಗೆ.

ಒಂದು ಸಂಜೆ ಅವರು ಓದುತ್ತಿದ್ದಾಗ ದನಿ ಸಣ್ಣಗಾಯಿತು. ವಾಕ್ಯಗಳೂ ಚಿಕ್ಕವಾದವು. ಎಡಗೈ ಮೇಜಿನ ಬಟ್ಟೆಯನ್ನು ಮತ್ತೆ ಮತ್ತೆ ಸವರಿ ಸರಿಮಾಡುತ್ತಿತ್ತು, ಮಲಗಿದವರ ಹೊದಿಕೆ ಸರಿಮಾಡುವ ಹಾಗೆ. ಆ ದನಿ ನನಗೆ ಗೊತ್ತು. ಯಾವ ಭಾಷೆಯಲ್ಲಾದರೂ ಅದು ಒಂದೇ. ಹಾಸಿಗೆಯಲ್ಲಿದ್ದ ತಾಯಿ ಹೋದಳು ಎಂದು ತಿಳಿದುಹೋಯಿತು. ನನ್ನ ಬಾಯಿ ತಾನಾಗಿ ಮುಚ್ಚಿಕೊಂಡಿತು.

ಅವರು ನಿಲ್ಲಿಸಿ ಕಾದರು. ನಾನು ಹ್ಞೂಂ ಎನ್ನಲಿಲ್ಲ. ಇನ್ನೊಂದು ವಾಕ್ಯ ಓದಿದರು, ಕಾದರು. ನಾನು ತಲೆ ತಗ್ಗಿಸಿ ಕೂತಿದ್ದೆ. ಅವರ ಮುಖ ಬಿಳಿಚಿಕೊಂಡಿತು. ಹಾಳೆಗಳನ್ನು ಮಡಿಚಿ ಒಳಗೆ ಹೋದರು. ಆವತ್ತು ಮತ್ತೆ ಹೊರಗೆ ಬರಲಿಲ್ಲ.

ಮರುದಿನ ಬೆಳಗ್ಗೆ ಹೋದಾಗ ಟೈಪ್‌ರೈಟರಿನ ಸದ್ದಿಲ್ಲ. ಹಿತ್ತಲಲ್ಲಿ ಅಂತೋಣಿ ನೀರೊಲೆಗೆ ಬೆಂಕಿ ಮಾಡುತ್ತಿದ್ದ. ಪಕ್ಕದಲ್ಲಿ ಒಂದು ಕಟ್ಟು ಹಾಳೆ.

‘ಏನಿದು ಅಂತೋಣಿಯಣ್ಣ?’

‘ನಿನ್ನೆ ಓದಿದ್ದು. ಸುಟ್ಟಾಕು ಅಂದ್ರು. ಇಡೀ ಪುಸ್ತಕಕ್ಕೆ ಜೀವ ಅದೇ ಅಂತಿದ್ರು, ನೀನು ಹ್ಞೂಂ ಅನ್ಲಿಲ್ವಂತೆ. ಒಂದ್ ಹ್ಞೂಂ ಕೂಡ ಹುಟ್ಟದಷ್ಟು ಕೆಟ್ಟದಾಗಿದೆ, ನನ್ನ ಕೈಲಿ ಆಗಲ್ಲ ಅಂತ ಬಾಗ್ಲು ಹಾಕ್ಕೊಂಡವ್ರು ಹಾಕ್ಕೊಂಡವ್ರೇ.’

‘ಅಯ್ಯೋ ಶಿವನೇ! ಅದಕ್ಕಲ್ಲ ನಾನು ಸುಮ್ನಿದ್ದಿದ್ದು. ಒಲೆಗೆ ಹಾಕ್ಬೇಡ.’

ಅಂತೋಣಿ ಕೊಳವೆ ಊದುವುದನ್ನು ನಿಲ್ಲಿಸಿ ನನ್ನನ್ನು ನೋಡಿದ. ದನಿ ತಗ್ಗಿಸಿ ಹೇಳಿದ, ‘ಸುಮ್ನಿರು ಮಾರಾಯ್ತಿ. ತಿಳ್ಕೊ. ಇದು ಸುಟ್ರೆ ಮತ್ತೆ ಮೊದ್ಲಿಂದ ಬರೀತಾರೆ, ಇಲ್ಲಾ ಸುಮ್ನೆ ಇಲ್ಲೇ ಕೂತಿರ್ತಾರೆ. ಹೆಂಗಾದ್ರೂ ನಿನ್ನ ಅನ್ನ ಗಟ್ಟಿ. ಇದು ಉಳೀತೋ, ತಿಂಗ್ಳೊಳಗೆ ಪುಸ್ತಕ ಮುಗೀತು, ನೀನೂ ಮುಗ್ದೆ. ನಿನ್ನ ಮಗಳು ಸಗಣಿ ಬಾಚ್ಬೇಕಾ?’

ಅವನು ಹೇಳಿದ್ದು ನನ್ನ ಒಳಿತಿಗೇ. ಒಲೆಯ ಬೆಂಕಿ ಹತ್ತಿಕೊಂಡು ಹಂಡೆಯ ತಳ ಸುಯ್ಯೆನ್ನುತ್ತಿತ್ತು. ಸುಮ್ಮನಿದ್ದರೆ ಸಾಕಿತ್ತು, ಮತ್ತೆ ಸುಮ್ಮನಿರುವುದು ನನಗೆ ಹುಟ್ಟಿನಿಂದ ಬಂದದ್ದು. ಆದರೆ ಆ ಹಾಳೆಗಳಲ್ಲಿ ಒಬ್ಬಳು ತಾಯಿ ಮಲಗಿದ್ದಾಳೆ ಎಂದು ನನಗೆ ಗೊತ್ತಿತ್ತು. ಅವಳನ್ನು ನೀರೊಲೆಗೆ ಹಾಕಿ ಕಾದ ನೀರಿನಲ್ಲಿ ಅವರು ಮುಖ ತೊಳೆಯುವುದೇ? ಕಟ್ಟು ಎತ್ತಿ ಎದೆಗವಚಿಕೊಂಡೆ. ಅಂತೋಣಿ ಸೌದೆ ಸರಿಮಾಡಿದ.

ಕರೆಯದೆ ನಾನು ಅವರ ಕೋಣೆಯ ಹೊಸಿಲು ದಾಟಿದವಳಲ್ಲ. ಆವತ್ತು ಬಾಗಿಲು ತಟ್ಟಿ ಒಳಗೆ ಹೋದೆ. ಕೋರಮ್ಮನವರು ಕಿಟಕಿಯ ಹತ್ತಿರ ಕೂತಿದ್ದರು. ಕೂದಲು ಬಾಚಿರಲಿಲ್ಲ.

‘ಅಮ್ಮಾ, ಇದನ್ನ ಸುಡ್ಬೇಡಿ,’ ಎಂದೆ.

‘ನೀವು ಹೂಂ ಎನ್ನಲಿಲ್ಲ.’

‘ನಮ್ಮನೇಲಿ ಸಾವಿಗೆ ಹ್ಞೂಂ ಅನ್ನಲ್ಲ ಅಮ್ಮಾ. ಹ್ಞೂಂ ಅಂದ್ರೆ ಆ ಸಾವಿಗೆ ನಾವು ಒಪ್ಪಿದಂಗೆ ಅಂತ ನಮ್ಮಜ್ಜಿ ಹೇಳೋರು. ಕಥೇಲಿ ಯಾರಾದ್ರೂ ಹೋದ್ರೆ ಬಾಯಿ ಮುಚ್ಚಿ ಕೂರ್ತೀವಿ. ಆಮೇಲೆ ಯಾರಾದ್ರೂ ಒಲೆ ಹಚ್ಚಿದ್ರೋ, ನೀರು ತಂದ್ರೋ ಅಂತ ಬಂದಾಗ, ಅಲ್ಲಿಂದ ಮತ್ತೆ ಹ್ಞೂಂ. ನಿಮ್ಮ ತಾಯಿ ಹೋದ್ರು ಅಂತ ಗೊತ್ತಾಯ್ತು. ಅದಕ್ಕೆ ಸುಮ್ನಾದೆ.’

ನನ್ನ ಜೀವಮಾನದಲ್ಲಿ ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದು ಅದೇ ಮೊದಲು. ಅವರಿಗೆ ಅರ್ಧ ತಿಳಿಯಿತು. ಅಂತೋಣಿಯನ್ನು ಕರೆದರು. ಅವನು ಬಾಗಿಲಲ್ಲೇ ನಿಂತಿದ್ದ. ಪೂರ್ತಿ ಅರ್ಥ ಹೇಳಿದ. ಅವರು ಹಾಳೆಗಳನ್ನು ನನ್ನ ಕೈಯಿಂದ ತೆಗೆದುಕೊಂಡರು.

‘ಹಾಗಾದರೆ ಇಷ್ಟು ದಿನ ನೀವು ಹೂಂ ಎಂದದ್ದು, ಚೆನ್ನಾಗಿದೆ ಎಂದಲ್ಲವೋ?’

‘ಚೆನ್ನಾಗಿದೆಯೋ ಇಲ್ವೋ ನಂಗೇನು ಗೊತ್ತು ಅಮ್ಮಾ? ಇಲ್ಲೇ ಇದೀನಿ, ಮುಂದೆ ಹೇಳಿ ಅಂತ.’

ಅವರು ನಕ್ಕರು. ಮೊದಲು ಸಣ್ಣಗೆ, ಆಮೇಲೆ ಕಣ್ಣಲ್ಲಿ ನೀರು ಬರುವ ಹಾಗೆ. ಅಂತೋಣಿಗೆ ಇಂಗ್ಲಿಷಿನಲ್ಲಿ ಏನೋ ಹೇಳಿದರು. ಅವನು ನನಗೆ ಹೇಳಿದ, ‘ಇಷ್ಟು ವರ್ಷ ಊರವ್ರ ಪುಸ್ತಕಕ್ಕೆಲ್ಲ ತೀರ್ಪು ಕೊಟ್ರಂತೆ. “ಮುಂದೆ ಹೇಳಿ” ಅನ್ನೋ ಆ ಒಂದು ಮಾತು ಮಾತ್ರ ಯಾವ ಬರಹಗಾರನಿಗೂ ಹೇಳ್ಲಿಲ್ವಂತೆ.’

ಆ ಅಧ್ಯಾಯ ಉಳಿಯಿತು. ಅಂತೋಣಿ ಹೇಳಿದಂತೆಯೇ ಆಯಿತು, ಮಳೆ ಬರುವ ಮುಂಚೆ ಕಾದಂಬರಿ ಮುಗಿಯಿತು. ಮುಂದೊಂದು ದಿನ ಅದು ಅಮೆರಿಕದಲ್ಲಿ ಅಚ್ಚಾಯಿತೆಂದೂ ಕೇಳಿದೆ. ಭಾವನವರು ಕುಂಸಿಯ ಮಾತೆತ್ತಿದರು. ಅಷ್ಟರಲ್ಲಿ ನಾನು ನಿಮ್ಮವ್ವನ ಕೈ ಹಿಡಿದು ರೈಲು ಹತ್ತಿ ಶಿವಮೊಗ್ಗಕ್ಕೆ ಹೋಗಿ, ಅಕ್ಷರದ ಕೆಲಸ ಇರುವ ಕಡೆ ಯಾವುದೆಂದು ಕೇಳುತ್ತಾ ಪ್ರೆಸ್ಸಿನ ಬಾಗಿಲಲ್ಲಿ ನಿಂತಿದ್ದೆ. ‘ಏನ್ ಬರುತ್ತಮ್ಮ ನಿಂಗೆ?’ ಎಂದು ಅಲ್ಲಿನ ಹಿರಿಯರು ಕೇಳಿದರು. ‘ಓದೋಕೆ ಬರುತ್ತೆ, ಕೇಳೋಕೆ ಬರುತ್ತೆ,’ ಎಂದೆ. ಒಂದು ಸಲ ಬಾಯಿ ಬಿಟ್ಟವಳಿಗೆ ಎರಡನೆಯ ಸಲ ಅಷ್ಟು ಕಷ್ಟವಾಗಲಿಲ್ಲ. ಅಲ್ಲಿಂದ ಮುಂದಿನದು ನಿಮಗೆ ಗೊತ್ತಿರುವುದೇ.

ಗೊತ್ತಿಲ್ಲದ್ದು ಬಂಗಲೆಯ ಕೊನೆಯ ಸಂಜೆ. ಪೆಟ್ಟಿಗೆಗಳನ್ನೆಲ್ಲ ಕಟ್ಟಿಯಾಗಿತ್ತು. ಜಗಲಿ ಬರಿದಾಗಿತ್ತು. ಕೋರಮ್ಮನವರು ಕುರ್ಚಿ ಬಿಟ್ಟು ನನ್ನ ಚಾಪೆಯ ಮೇಲೆ ಬಂದು ಕೂತರು. ‘ಈಗ ನೀವು ಹೇಳಿರಿ. ನಾನು ಕೇಳುವೆನು,’ ಎಂದರು.

ನಿಮ್ಮ ತಾತನ ವಿಷಯ ನಾನು ಅದುವರೆಗೆ ಯಾರಿಗೂ ಹೇಳಿರಲಿಲ್ಲ. ನಿಮ್ಮವ್ವನಿಗೂ ಸರಿಯಾಗಿ ಹೇಳಿಲ್ಲ. ಆವತ್ತು ಹೇಳಿದೆ. ಕಾಡಿನಿಂದ ಕಾರ್ಖಾನೆಗೆ ಸೌದೆ ತರುವ ಟ್ರಾಮ್ ರೈಲಿನಲ್ಲಿ ಅವರಿಗೆ ಕೆಲಸ ಎಂದೆ. ‘ಹೂಂ,’ ಎಂದರು ಕೋರಮ್ಮ. ಒಂದು ದಿನ ಕಂಬಳಿ ಹೊದ್ದು ನಡುಗುತ್ತಾ ಬಂದರು, ಚಳಿಜ್ವರ ಎಂದೆ. ‘ಹೂಂ.’ ಬೆಳಗಿನ ಜಾವ ಕಣ್ಣು ಬಿಟ್ಟು ‘ಕಾರ್ಖಾನೆ ಸಿಳ್ಳೆ ಕೂಗ್ತಾ?’ ಎಂದು ಕೇಳಿದರು, ‘ಇನ್ನೂ ಇಲ್ಲ, ಮಲಗಿ’ ಎಂದೆ. ‘ಹೂಂ.’ ಸಿಳ್ಳೆ ಕೂಗಿತು, ಎಬ್ಬಿಸಲೆಂದು ಭುಜ ಮುಟ್ಟಿದೆ, ಅವರು ಇರಲಿಲ್ಲ ಎಂದೆ.

ಕೋರಮ್ಮನವರ ತುಟಿ ಮುಚ್ಚಿಕೊಂಡಿತು. ನಾನು ನಿಲ್ಲಿಸಿದೆ. ಅವರು ಅಲುಗಲಿಲ್ಲ. ಜಗಲಿಯಾಚೆ ಆಕಾಶ ಕೆಂಪಾಗಿ, ಮತ್ತೆ ಬೂದಿ ಬಣ್ಣಕ್ಕೆ ತಿರುಗಿತು. ಇಬ್ಬರೂ ಹಾಗೇ ಕೂತಿದ್ದೆವು.

ಆಮೇಲೆ ಹೇಳಿದೆ, ‘ಅಷ್ಟೊತ್ತಿಗೆ ಮಗು ಎದ್ದು ಹಾಲು ಕೇಳ್ತು. ನಾನು ಹೋಗಿ ಒಲೆ ಹಚ್ಚಿದೆ.’

‘ಹೂಂ,’ ಎಂದರು ಅವರು.

ಗಿರಿಜಾ, ಮಹೇಶ, ಆ ಮಗುವೇ ನಿಮ್ಮವ್ವ. ಇದನ್ನು ಅವಳಿಗೆ ನೀವೇ ಓದಿ ಹೇಳಿ, ನನ್ನಿಂದಾಗದು. ಓದಿ ಆದ ಮೇಲೆ ಈ ಹಾಳೆಗಳನ್ನು ಗೆದ್ದಲು ಹತ್ತದ ಕಡೆ, ತೇವ ತಾಗದಂತೆ ಜೋಪಾನವಾಗಿ ಎತ್ತಿಡಿ.